ಜಗದೇವಿಗೆ ಕಬ್ಬಿಣ ಬೇಡ

ನಮ್ಮ ಮನೆಗೆ ಬರುವವರು ಯಾರೂ ಬರಿಗೈಯಲ್ಲಿ ಬರುವುದಿಲ್ಲ. ಅದೇ ನನ್ನ ಗೋಳು. ಒಬ್ಬಳು ಸೆರಗಿನಲ್ಲಿ ಖಜೂರ ಕಟ್ಟಿಕೊಂಡು ಬರುತ್ತಾಳೆ, ಇನ್ನೊಬ್ಬಳು ಎಳ್ಳುಂಡೆ ತರುತ್ತಾಳೆ. ಮನೂರಿನಿಂದ ತೊಗರಿ ಮಾರಲು ಗಂಜಿನ ಪೇಟೆಗೆ ಬಂದ ರೈತ ಕೂಡ ನೆಟ್ಟಗೆ ನಮ್ಮ ಬಾಗಿಲಿಗೆ ಬಂದು ಬೆಲ್ಲದ ಗಡ್ಡೆ ಇಟ್ಟು, "ಪೋರಿಗಿ ಕೊಡ್ರಿ ಅಕ್ಕಾ, ರಕ್ತ ಆಗ್ತದ" ಎಂದು ಹೇಳಿ ಹೋಗುತ್ತಾನೆ. ಎಲ್ಲರಿಗೂ ನನ್ನ ಮಗಳ ಮೇಲೆ ಪ್ರೀತಿ. ಆ ಪ್ರೀತಿಯಲ್ಲೇ ಅವಳನ್ನು ಕೊಂದುಬಿಡುತ್ತಾರೆಂದು ನನ್ನ ಹೆದರಿಕೆ. ಇದನ್ನು ಬಾಯಿಬಿಟ್ಟು ಹೇಳಿದರೆ ಇಡೀ ನಾರಾಯಣಖೇಡವೇ ನನ್ನನ್ನು ಹುಚ್ಚಿಯ ಹಾಗೆ ನೋಡುತ್ತದೆ.

ಮಗಳ ಹೆಸರು ಜಗದೇವಿ. ಮೂರನೆಯ ಇಯತ್ತೆ ಓದುತ್ತಾಳೆ, ನೋಡಿದರೆ ಇನ್ನೂ ಶಾಲೆಗೇ ಸೇರದ ಕೂಸಿನ ಹಾಗಿದ್ದಾಳೆ. ತುಟಿ ಬಿಳಿ, ಕಣ್ಣಲ್ಲಿ ಸಣ್ಣಗೆ ಹಳದಿ, ಎಡಗಡೆ ಹೊಟ್ಟೆ ಮಾತ್ರ ಉಬ್ಬಿಕೊಂಡಿದೆ. ಎರಡು ಮೆಟ್ಟಿಲು ಹತ್ತಿದರೆ ಕೂತುಬಿಡುತ್ತಾಳೆ. ಅವಳಿಗೆ ರಕ್ತ ಕಡಿಮೆ ಎಂದು ಹೇಳಲು ಡಾಕ್ಟರೇ ಬೇಕಿಲ್ಲ, ಹಾದಿಯಲ್ಲಿ ಹೋಗುವ ಯಾರಾದರೂ ಹೇಳುತ್ತಾರೆ. ಹೇಳುತ್ತಲೂ ಇದ್ದರು.

ನಮ್ಮ ಓಣಿಯ ಡಾಕ್ಟರೆಂದರೆ ತುಳಜಪ್ಪ. ಎಲ್ಲೋ ಕಂಪೌಂಡರ್ ಕೆಲಸ ಮಾಡಿ ಬಂದು ಇಲ್ಲಿ ಬೋರ್ಡು ಹಾಕಿಕೊಂಡವನು. ಜಗದೇವಿಯ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದ, ಕಬ್ಬಿಣ ಕಡಿಮೆ ಎಂದ, ಸೂಜಿ ಚುಚ್ಚಿದ. ಎರಡು ವರ್ಷ ಚುಚ್ಚಿದ. ಅವನು ಚುಚ್ಚಿದ ಜಾಗದಲ್ಲಿ ಕಂದು ಕಲೆಗಳು ಕೂತುಬಿಟ್ಟವು, ಏನು ಹಚ್ಚಿ ತಿಕ್ಕಿದರೂ ಹೋಗಲಿಲ್ಲ. ಕುಡಿಯಲು ಕೊಟ್ಟ ಟಾನಿಕ್ಕಿನಿಂದ ಹಲ್ಲು ಕಪ್ಪಾದವು. ರಕ್ತ ಮಾತ್ರ ಆಗಲಿಲ್ಲ. ಯಾಕೆ ಆಗುತ್ತಿಲ್ಲ ಎಂದು ಕೇಳಿದರೆ, "ಇನ್ನಾ ಜರಾ ಕಬ್ಬಣ ಬೇಕ್ರಿ" ಎನ್ನುತ್ತಿದ್ದ.

ಒಂದು ದಿನ ಜಗದೇವಿ ಶಾಲೆಯಲ್ಲಿ ಪ್ರಾರ್ಥನೆಗೆ ನಿಂತವಳು ಕುಸಿದುಬಿದ್ದಳು. ಇನ್ನು ತುಳಜಪ್ಪನ ಮುಖ ನೋಡುವುದಿಲ್ಲವೆಂದು ನಾನು ಹಟ ಹಿಡಿದೆ. ನನ್ನ ಗಂಡ ರೇವಪ್ಪ ಗಂಜಿನಲ್ಲಿ ತೊಗರಿ ವ್ಯಾಪಾರ ಮಾಡುವವನು, ಸುಗ್ಗಿಯ ಕಾಲ, ಆದರೂ ಅಂಗಡಿ ಮುಚ್ಚಿ ಬಂದ. ಕೆಂಪು ಬಸ್ಸು ಹತ್ತಿ ಮೂವರೂ ಹೈದರಾಬಾದಿನ ಒಂದು ದೊಡ್ಡ ದವಾಖಾನೆಗೆ ಹೋದೆವು.

ಅಲ್ಲಿಯ ಡಾಕ್ಟರಮ್ಮನಿಗೆ ಕನ್ನಡ ಬಾರದು. ನಮಗೆ ತೆಲುಗು ಬರುತ್ತದೆ, ಅಷ್ಟು ಸಾಕಾಯಿತು. ರಕ್ತ ತೆಗೆದಳು, ನೋಡಿದಳು, ಮತ್ತೆ ತೆಗೆದಳು. ಮರುದಿನ ನಮ್ಮನ್ನು ಕೂರಿಸಿ ಹೇಳಿದಳು: ಈ ಹುಡುಗಿಗೆ ಕಬ್ಬಿಣ ಕಡಿಮೆಯಾಗಿಲ್ಲ, ಹೆಚ್ಚಾಗಿದೆ.

ನಾನು ಮೊದಲು ನಂಬಲಿಲ್ಲ. ರಕ್ತ ಕಡಿಮೆ ಇದ್ದವಳಿಗೆ ಕಬ್ಬಿಣ ಹೆಚ್ಚಾಗುವುದು ಹೇಗೆ? ಆಕೆ ಸಹನೆಯಿಂದ ವಿವರಿಸಿದಳು. ಜಗದೇವಿಯ ಮೈ ರಕ್ತದ ಕಣಗಳನ್ನು ಮಾಡುತ್ತದೆ, ಆದರೆ ಅವು ಹುಟ್ಟಿನಿಂದಲೇ ಸೊಟ್ಟ, ಬೇಗ ಒಡೆದುಹೋಗುತ್ತವೆ. ಒಡೆದ ಕಣದ ಕಬ್ಬಿಣ ಒಳಗೇ ಉಳಿಯುತ್ತದೆ. ಮೈಯಲ್ಲಿ ಉಪ್ಪು ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತದೆ, ಸುಣ್ಣ ಹೆಚ್ಚಾದರೂ ಅದಕ್ಕೊಂದು ದಾರಿ ಇದೆ. ಕಬ್ಬಿಣಕ್ಕೆ ಮಾತ್ರ ಹೊರಗೆ ಹೋಗುವ ಬಾಗಿಲನ್ನೇ ಇಟ್ಟಿಲ್ಲ. ರಕ್ತ ಸುರಿದರೆ ಅದರ ಜೊತೆ ಹೋಗುತ್ತದೆ, ಅಷ್ಟೇ. ಅದಕ್ಕೇ ಗಟ್ಟಿಮುಟ್ಟಾದವರ ಕರುಳು ಒಳಗೆ ಬಿಡುವಾಗಲೇ ಬಿಗಿ ಹಿಡಿಯುತ್ತದೆ. ದಿನಕ್ಕೆ ಒಂದು ಚೂರು ಒಳಗೆ, ಉಳಿದದ್ದು ಹೊರಗೆ. ಬಂದ ಚೂರನ್ನು ಮೈ ಪಿತ್ತಜನಕಾಂಗದಲ್ಲಿ ಕಟ್ಟಿಟ್ಟು, ಬೇಕಾದಾಗ ಬಿಚ್ಚಿ ಕೊಡುತ್ತದೆ. ಜಗದೇವಿಯ ಕರುಳಿಗೆ ಆ ಬಿಗಿ ಇಲ್ಲ. ರಕ್ತ ಕಡಿಮೆ ಇರುವುದನ್ನು ಕಂಡು ಕಬ್ಬಿಣ ಬೇಕೆಂದು ಮೋಸ ಹೋಗುತ್ತದೆ, ಸಿಕ್ಕಿದ್ದನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ. ಮೋಸ ಹೋಗುವುದರಲ್ಲಿ ಅದೂ ನಮ್ಮ ತುಳಜಪ್ಪನ ಹಾಗೇ ಎಂದು ನನಗೆ ಅನ್ನಿಸಿತು.

"ಗೋದಾಮಿಗೆ ಮಾಲು ಬರ್ತದ, ಹೊರಗ ಹೋಗಲ್ಲ ಅಂದಂಗಾತು" ಎಂದ ರೇವಪ್ಪ.

ಗೋದಾಮು ತುಂಬಿದ ಮೇಲೆ ಏನಾಗುತ್ತದೆ ಎಂದು ನಾನು ಕೇಳಿದೆ. ಹೃದಯಕ್ಕೆ ಇಳಿಯುತ್ತದೆ ಎಂದಳು ಡಾಕ್ಟರಮ್ಮ. ಇಳಿದರೆ? ಆಕೆ ಜಗದೇವಿಯ ಕಡೆ ನೋಡಿ ಮಾತು ನುಂಗಿದಳು. ನನಗೆ ತಿಳಿಯಿತು.

ಕಬ್ಬಿಣವನ್ನು ಹೊರಗೆ ಎಳೆಯುವ ಔಷಧ ಪರದೇಶದಲ್ಲಿ ಇದೆಯಂತೆ, ನಮ್ಮ ಕೈಗೆ ಸಿಗುವಂಥದ್ದಲ್ಲವಂತೆ. ನಮ್ಮ ಕೈಯಲ್ಲಿ ಆಗುವುದು ಒಂದೇ: ಒಳಗೆ ಹಾಕದೆ ಇರುವುದು. ಸೂಜಿ ಬೇಡ, ಟಾನಿಕ್ ಬೇಡ, ಕಬ್ಬಿಣದ ಪಾತ್ರೆಯಲ್ಲಿ ಮಾಡಿದ ಅಡುಗೆ ಬೇಡ. ಪ್ರತಿ ಊಟದ ಜೊತೆ ಗಟ್ಟಿ ಚಹಾ ಕುಡಿಸಬೇಕು. ಚಹಾದ ಒಗರು ಕಬ್ಬಿಣವನ್ನು ಹೊಟ್ಟೆಯಲ್ಲೇ ಹಿಡಿದುಕೊಳ್ಳುತ್ತದೆ, ಮೈಗೆ ಸೇರಗೊಡುವುದಿಲ್ಲ. ರಕ್ತ ತೀರಾ ಇಳಿದಾಗ ಮಾತ್ರ ಇಲ್ಲಿಗೆ ಕರೆತರಬೇಕು.

ಕಡೆಗೆ ಆಕೆ ಕೇಳಿದಳು, ನೀವಿಬ್ಬರೂ ಮದುವೆಗೆ ಮೊದಲು ಸಂಬಂಧಿಕರೇ ಎಂದು. ಇದನ್ನು ಬಿಡಿಸಿ ಹೇಳಲೇಬೇಕು. ರೇವಪ್ಪ ನನ್ನ ಸೋದರಮಾವ, ನನ್ನ ತಾಯಿಯ ಒಡಹುಟ್ಟಿದ ತಮ್ಮ. ನಮ್ಮಲ್ಲಿ ಅಕ್ಕನ ಮಗಳು ಎಂದರೆ ತಮ್ಮನಿಗೇ ಎಂದು ತೊಟ್ಟಿಲಲ್ಲೇ ಮಾತಾಗಿರುತ್ತದೆ. ಹಾಗಾಗಿ ನನ್ನ ಅತ್ತೆ ಶಂಕರಮ್ಮ ನನಗೆ ತಾಯಿಯ ತಾಯಿ. ನಾನು ಆಕೆಯನ್ನು ಈಗಲೂ ಆಯಿ ಎಂದೇ ಕರೆಯುವುದು. ಕೇಳಿ ಡಾಕ್ಟರಮ್ಮ ಬೆರಳು ಮಡಿಸಿದಳು. ಈ ದೋಷ ತಾಯಿತಂದೆ ಇಬ್ಬರಿಂದಲೂ ಬಂದರೆ ಮಾತ್ರ ಮಗುವಿಗೆ ಹೀಗಾಗುತ್ತದೆ. ಒಬ್ಬರಿಂದ ಮಾತ್ರ ಬಂದವರು ಸ್ವಲ್ಪ ಬಿಳಿಚಿಕೊಂಡಿರುತ್ತಾರೆ, ಬದುಕಿಗೆ ತೊಂದರೆ ಇಲ್ಲ. ನಿಮ್ಮಿಬ್ಬರಿಗೂ ಇದು ಒಂದೇ ಕಡೆಯಿಂದ, ನಿಮ್ಮ ಆಯಿಯಿಂದ ಬಂದಂತಿದೆ ಎಂದಳು.

ಬಸ್ಸಿನಲ್ಲಿ ರೇವಪ್ಪ ಹೇಳಿದ, "ಅವ್ವಗ ಈ ಮಾತು ಹೇಳಬ್ಯಾಡ ಉಮಾ. ಉಳಿದದ್ದೆಲ್ಲಾ ಹೇಳು."

"ನಾ ಯಾಕ ಹೇಳ್ಲಿ" ಎಂದೆ. ಹೇಳುವ ಮನಸ್ಸು ನನಗೂ ಇರಲಿಲ್ಲ. ನನ್ನನ್ನು ಬೆಳೆಸಿದವಳು ಆಕೆ. ಶಾಲೆ ಓದಲು ನಮ್ಮೂರು ನಾಗಲಗಿದ್ದದಿಂದ ಆಯಿಯ ಮನೆಗೆ ಬಂದವಳು ನಾನು. ಮದುವೆಯಾದಾಗ ಮನೆ ಬದಲಿಸಲಿಲ್ಲ, ಕೋಣೆ ಬದಲಿಸಿದೆ ಅಷ್ಟೇ.

ಉಳಿದದ್ದನ್ನೆಲ್ಲ ಹೇಳಿದೆ. ಆಗ ಶುರುವಾಯಿತು ನನ್ನ ಮಹಾಯುದ್ಧ.

ಆಯಿಗೆ ಗೊತ್ತಿದ್ದ ಮದ್ದು ಒಂದೇ. ಒಂದು ಸವೆದ ಕುಡುಗೋಲಿನ ಅಲಗನ್ನು ಒಲೆಯ ಕೆಂಡದಲ್ಲಿಟ್ಟು ಕೆಂಪಗೆ ಕಾಯಿಸುವುದು, ಇಕ್ಕಳದಲ್ಲಿ ಹಿಡಿದು ಮಜ್ಜಿಗೆಯ ಚೆಂಬಿಗೆ ಅದ್ದುವುದು. ಚುಂಯ್ ಎಂದು ಹೊಗೆಯೆದ್ದ ಮಜ್ಜಿಗೆಯನ್ನು ಬಿಳಿಚಿಕೊಂಡ ಮಕ್ಕಳಿಗೆ ಕುಡಿಸುವುದು. ನಮ್ಮ ಮನೆಯಲ್ಲಿ ಬಿಳಿಚಿಕೊಳ್ಳದ ಮಕ್ಕಳೇ ಇರಲಿಲ್ಲ. ನನ್ನ ತಾಯಿ ಕುಡಿದಳು, ರೇವಪ್ಪ ಕುಡಿದ, ನಾನು ಕುಡಿದೆ, ನಾವೆಲ್ಲ ಬದುಕಿದೆವು. ಅಲ್ಲಿಗೆ ಆಯಿಯ ಪಾಲಿಗೆ ಮದ್ದಿನ ಗುಣ ಸಾಬೀತಾಯಿತು. ಹೈದರಾಬಾದಿನ ಡಾಕ್ಟರಮ್ಮ ಎಂದರೆ ಆಕೆಗೆ ಮೊನ್ನೆ ಹುಟ್ಟಿದ ಕೂಸು.

"ಆಕಿ ಎಷ್ಟ್ ಮಂದಿನ್ನ ಬೆಳಸ್ಯಾಳ?" ಎಂದು ಕೇಳಿದಳು ಆಯಿ.

"ಆಯಿ, ಇದು ಬೆಳಸೋ ಮಾತಲ್ಲ. ಪೋರಿ ಮೈಯಾಗ ಕಬ್ಬಣ ತುಂಬ್ಯಾದ."

"ತುಂಬಿದ್ರ ಮಾರಿ ಹಿಂಗ್ಯಾಕ ಅದ? ಕಬ್ಬಣ ಇದ್ದಾಕಿ ಕಬ್ಬಣದಂಗ ಇರಬೇಕಿಲ್ಲ?"

ಈ ಪ್ರಶ್ನೆಗೆ ನಾನು ಎಷ್ಟು ಸಲ ಉತ್ತರ ಕೊಟ್ಟೆನೋ ನನಗೇ ನೆನಪಿಲ್ಲ. ಬೆಳಿಗ್ಗೆ ರೊಟ್ಟಿ ಬಡಿಯುವಾಗ ಕೊಟ್ಟೆ, ಮಧ್ಯಾಹ್ನ ಬೇಳೆ ಹಸನು ಮಾಡುವಾಗ ಕೊಟ್ಟೆ. ಆಕೆ ತಲೆಯಾಡಿಸಿ ಕೇಳಿಸಿಕೊಂಡು, ನಾನು ಅತ್ತ ತಿರುಗಿದ ಕೂಡಲೆ ಮಜ್ಜಿಗೆಗೆ ಅಲಗು ಅದ್ದಿರುತ್ತಿದ್ದಳು. ಆ ಅಲಗನ್ನು ಹಾಳುಬಾವಿಗೆ ಎಸೆದೆ. ಎಲ್ಲಿಂದಲೋ ಕಳೆ ಕೀಳುವ ಒಂದು ಕುರ್ಪಿ ಬಂತು. ಅದನ್ನೂ ಎಸೆದೆ. ಹಾಸಿಗೆಯಡಿಯಿಂದ ಕುದುರೆಯ ಲಾಳ ಹೊರಬಿತ್ತು. ಮನೆಯಲ್ಲಿ ಇಷ್ಟು ಕಬ್ಬಿಣ ಇದೆಯೆಂದು ನನಗೇ ಗೊತ್ತಿರಲಿಲ್ಲ.

ರೇವಪ್ಪನಿಗೆ ಹೇಳಿದರೆ, "ಆಕಿಗೂ ವಯಸ್ಸಾಗ್ಯಾದ, ನೀನೂ ಜರಾ ಸಮಾಧಾನ ತಗೋ" ಎನ್ನುತ್ತಿದ್ದ. ಗಂಜಿನಲ್ಲಿ ಇಬ್ಬರು ದಲಾಲರ ನಡುವೆ ಕೂತು ಕೂತು ಅವನಿಗೆ ಇದೇ ಅಭ್ಯಾಸ. ನನ್ನ ಮಗಳ ಹೃದಯದಲ್ಲಿ ಏನು ಸೇರುತ್ತಿದೆ ಎಂಬುದರಲ್ಲೂ ಮಧ್ಯದ ದರ ಹುಡುಕುತ್ತಾನೆ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕಡೆಗೆ ಒಂದು ಸೋಮವಾರ ಆಯಿ ಪೂಜೆಗೆ ಕೂತಾಗ ಎದುರು ಹೋಗಿ ಕೂತೆ. ಅಂಗೈಯಲ್ಲಿ ಲಿಂಗ ಇತ್ತು. ಕೈಯಲ್ಲಿ ಲಿಂಗ ಇಟ್ಟುಕೊಂಡು ಆಡಿದ ಮಾತನ್ನು ಆಯಿ ಜೀವ ಹೋದರೂ ಮುರಿಯುವವಳಲ್ಲ, ಅದು ನನಗೆ ಗೊತ್ತು. "ಮಾತು ಕೊಡು" ಎಂದೆ. ಆಕೆ ನನ್ನನ್ನು ದುರುಗುಟ್ಟಿ ನೋಡಿ, "ನಮ್ಮ ಮನಿ ಒಲಿ ಮ್ಯಾಲ ಇನ್ನ ಕಬ್ಬಣ ಇಡಲ್ಲ. ಮಜ್ಜಿಗ್ಯಾಗ ಅದ್ದಲ್ಲ. ಆತಿಲ್ಲ?" ಎಂದಳು. ಆತು ಎಂದೆ. ಅಂದೇ ಮಣ್ಣಿನ ಹಂಚು ತಂದೆ, ಅಲ್ಯೂಮಿನಿಯಮ್ಮಿನ ಜರ್ಮನ್ ಪಾತ್ರೆ ತಂದೆ. ಅಜ್ಜನ ಕಾಲದ ಕಬ್ಬಿಣದ ಕಡಾಯಿ ಅಡುಗೆಮನೆಯಿಂದ ಮಾಯವಾಯಿತು. ಎಲ್ಲಿಗೆ ಹೋಯಿತೆಂದು ನಾನು ಕೇಳಲಿಲ್ಲ, ಮನೆಯಿಂದ ಹೋದದ್ದೇ ಸಾಕೆನಿಸಿತು.

ಆಮೇಲೆ ಚಹಾದ ಕಾಟ. ದೊಡ್ಡವರು ದಿನಕ್ಕೆ ಹತ್ತು ಸಲ ಚಹಾ ಕುಡಿಯುವ ಊರು ಇದು. ಆದರೆ ಒಂದು ಕೂಸು ರೊಟ್ಟಿಯ ಜೊತೆ ಚಹಾ ಕುಡಿಯುವುದನ್ನು ನೋಡಿದರೆ ಸಾಕು, ಎಲ್ಲರ ಕರುಳೂ ಕಿತ್ತು ಬರುತ್ತದೆ. ಪಕ್ಕದ ಮನೆಯ ಅಂಜಮ್ಮ ಹೊಸ್ತಿಲಲ್ಲೇ ನಿಂತು ಗಲ್ಲಕ್ಕೆ ಕೈಹಚ್ಚಿದಳು.

"ಊಟದಾಗ ಛಾ ಕುಡಸ್ತಾರೇನ್ ಉಮಾ? ತಿಂದದ್ದು ಮೈಗಿ ಹತ್ತಲ್ಲ."

"ಹತ್ತಬಾರದು ಅಂತಲೇ ಕುಡಸ್ತೀನಿ."

ಅಂಜಮ್ಮ ನನ್ನನ್ನು ನೋಡಿದ ನೋಟ ಈಗಲೂ ಕಣ್ಣಿಗೆ ಕಟ್ಟಿದೆ. ಸ್ವಂತ ಮಗಳಿಗೆ ತಿಂದದ್ದು ಮೈಗೆ ಹತ್ತಬಾರದು ಎನ್ನುವ ತಾಯಿ. ಸಂಜೆಯೊಳಗೆ ಆ ಮಾತು ಓಣಿ ತುಂಬಾ ಹಬ್ಬಿತು. ಓಣಿಯ ಇನ್ನೊಂದು ತುದಿಯ ಲಚ್ಚಮ್ಮ ನನಗೆ ಗಾಳಿ ಸೋಕಿದೆಯೇ ಎಂದು ರೇವಪ್ಪನ ಹತ್ತಿರ ವಿಚಾರಿಸಿದಳು. ನಾನು ಯಾರಿಗೂ ಜಗ್ಗಲಿಲ್ಲ. ಖಜೂರ, ಎಳ್ಳುಂಡೆ, ಬೆಲ್ಲ, ಬಂದದ್ದನ್ನೆಲ್ಲ ಎಮ್ಮೆಯ ಮುಂದೆ ಸುರಿದೆ. ನಮ್ಮ ಎಮ್ಮೆ ಮಿರಮಿರ ಮಿಂಚತೊಡಗಿತು. ಜಗದೇವಿ ಕಹಿ ಚಹಾಕ್ಕೆ ಮುಖ ಕಿವುಚಿ, ಮೂಗು ಹಿಡಿದುಕೊಂಡು ಕುಡಿಯುವುದನ್ನು ಕಲಿತಳು. ಆ ಬೇಸಿಗೆಯಿಂದ ದೀಪಾವಳಿಯ ತನಕ ಒಂದು ಊಟವೂ ಚಹಾ ಇಲ್ಲದೆ ಮುಗಿಯಲು ನಾನು ಬಿಡಲಿಲ್ಲ.

ಹಬ್ಬ ಮುಗಿದ ಮೇಲೆ ಮತ್ತೆ ಹೈದರಾಬಾದಿಗೆ ಹೋದೆವು. ನಾನು ಗೆದ್ದವಳ ಹಾಗೆ ಹೋಗಿದ್ದೆ. ಡಾಕ್ಟರಮ್ಮ ಪರೀಕ್ಷೆಯ ಫಲ ನೋಡಿದಳು, ಜಗದೇವಿಯ ಹೊಟ್ಟೆ ಒತ್ತಿದಳು, ಮುಖ ಗಂಟಿಕ್ಕಿದಳು. ಕಬ್ಬಿಣ ಇನ್ನೂ ಏರಿದೆ, ಪಿತ್ತಜನಕಾಂಗ ಊದಿ ಎರಡು ಬೆರಳು ಕೆಳಗೆ ಬಂದಿದೆ ಎಂದಳು. ನಾನು ಹೇಳಿದ್ದು ನಿಮಗೆ ಅರ್ಥವಾಗಲಿಲ್ಲವೇ, ಇದು ಆಟವೆಂದುಕೊಂಡಿದ್ದೀರಾ ಎಂದು ನನ್ನನ್ನೇ ಬೈದಳು. ಇಡೀ ಊರನ್ನು ಎದುರು ಹಾಕಿಕೊಂಡು, ಹುಚ್ಚಿ ಎನ್ನಿಸಿಕೊಂಡು, ಕಡೆಗೆ ಡಾಕ್ಟರಿಂದಲೂ ಬೈಸಿಕೊಂಡು ಬಂದೆ. ಬಸ್ಸು ಆಗಲೇ ಸಂಗಾರೆಡ್ಡಿ ದಾಟಿತ್ತು.

"ಮಶೀನ್ ತಪ್ಪಿರಬೇಕು" ಎಂದ ರೇವಪ್ಪ.

"ಮಶೀನ್ ತಪ್ಪಿಲ್ಲ. ಯಾರೋ ಕೊಡಕತ್ತ್ಯಾರ."

ಮರುದಿನ ಮಧ್ಯಾಹ್ನ ಅಂಜಮ್ಮನನ್ನು ಕೇಳೋಣ ಎಂದು ಹೋದೆ. ಶಾಲೆ ಬಿಟ್ಟ ಹೊತ್ತು. ಆಯಿ ಏನಾದರೂ ಕದ್ದು ಕೊಡುವುದನ್ನು ನೋಡಿದ್ದಾಳೆಯೇ ಎಂದು ವಿಚಾರಿಸುವುದು ನನ್ನ ಉದ್ದೇಶ. ಬಾಗಿಲು ತೆರೆದೇ ಇತ್ತು, ಒಳಗೆ ಕಾಲಿಟ್ಟೆ. ಅಂಜಮ್ಮನ ಒಲೆಯ ಮೇಲೆ ನಮ್ಮ ಕಡಾಯಿ ಕೂತಿತ್ತು. ಒಂದು ಕಿವಿ ಮುರಿದು ತಂತಿ ಕಟ್ಟಿದ್ದು, ಅದನ್ನು ನಾನು ಕಣ್ಣು ಮುಚ್ಚಿದರೂ ಗುರುತು ಹಿಡಿಯಬಲ್ಲೆ. ಅದರ ತುಂಬಾ ಪುಂಡಿಪಲ್ಯ, ಹಸಿರು ಪೂರಾ ಹೋಗಿ ಮಸಿಯ ಹಾಗೆ ಕಪ್ಪಾಗಿತ್ತು. ಪುಂಡಿಯ ಹುಳಿ ಕಬ್ಬಿಣವನ್ನು ಕೆರೆದು ತನ್ನೊಳಗೆ ಎಳೆದುಕೊಳ್ಳುತ್ತದೆ, ಅದಕ್ಕೇ ಆ ಬಣ್ಣ. ಎದುರಿಗೆ ನನ್ನ ಮಗಳು ಚಕ್ಕಳಮಕ್ಕಳ ಹಾಕಿ ಕೂತು, ಜೋಳದ ರೊಟ್ಟಿ ಮುರಿದು ಆ ಕಪ್ಪು ಪಲ್ಯವನ್ನು ಬೆರಳು ನೆಕ್ಕಿ ತಿನ್ನುತ್ತಿದ್ದಳು.

ನನ್ನನ್ನು ನೋಡಿ ಅವಳೇನೂ ಗಾಬರಿಯಾಗಲಿಲ್ಲ. "ಇವತ್ತ ಅಂಜಮ್ಮ ದೊಡ್ಡವ್ವನ ಪಾಳಿ. ನಾಳಿ ಲಚ್ಚಮ್ಮ ದೊಡ್ಡವ್ವಂದು" ಎಂದಳು.

ಪಾಳಿ. ಇಡೀ ಓಣಿ ಪಾಳಿ ಹಚ್ಚಿಕೊಂಡು ನನ್ನ ಮಗಳಿಗೆ ಕಬ್ಬಿಣ ಉಣಿಸುತ್ತಿತ್ತು. ಕಡಾಯಿ ಮನೆಯಿಂದ ಮನೆಗೆ ಹೋಗುತ್ತಿತ್ತು, ಜಗದೇವಿ ಅದರ ಹಿಂದೆ ಹೋಗುತ್ತಿದ್ದಳು. ಅಂಜಮ್ಮನಿಗೆ ಇದರಲ್ಲಿ ಮುಚ್ಚಿಡುವಂಥದ್ದು ಏನೂ ಕಾಣಲಿಲ್ಲ. "ಶಂಕರಮ್ಮ ಕೊಟ್ಟಾಳ. ಇವತ್ತ ಮಾಡಿ ಕಡಾಯ್ದಾಗೇ ಬಿಡು, ನಾಳಿ ಕರ್ರಗ ಆದಮ್ಯಾಲ ಉಣಸು ಅಂದಾಳ. ನೀ ಛಾ ಕುಡಿಸಿ ಒಣಗಸ್ತಿ, ನಾವರ ಏನ್ ಮಾಡ್ಬೇಕು" ಎಂದಳು. ನನ್ನ ಮೇಲೆ ಅವಳಿಗೆ ಕನಿಕರವೇ ಇತ್ತು. ಅದನ್ನು ತಡೆಯುವುದು ನನಗೆ ಇನ್ನೂ ಕಷ್ಟವಾಯಿತು.

ಜಗದೇವಿಯ ರಟ್ಟೆ ಹಿಡಿದು ಎಳೆದುಕೊಂಡು ಬಂದೆ. ಆಯಿ ಜಗುಲಿಯಲ್ಲಿ ತೊಗರಿ ಕೇರುತ್ತಿದ್ದಳು.

"ಲಿಂಗ ಹಿಡುದು ಮಾತು ಕೊಟ್ಟಿದ್ದಿ" ಎಂದೆ.

"ಮುರದಿಲ್ಲ. ನಮ್ಮ ಮನಿ ಒಲಿ ಮ್ಯಾಲ ಇಟ್ಟೀನೇನು? ಮಜ್ಜಿಗ್ಯಾಗ ಅದ್ದೀನೇನು? ಕೇಳ್ ಬೇಕಾದ್ರ." ಮೊರ ನಿಲ್ಲಲಿಲ್ಲ. "ನೀ ನಿನ್ನ ಮಾತು ನಡಸ್ದಿ. ನನಗ ನನ್ನ ಮೊಮ್ಮಗಳು ಬೇಕು."

"ಅದು ವಿಷ ಆಗ್ಯಾದ ಆಕಿಗಿ. ಎಷ್ಟ್ ಸಲ ಹೇಳ್ಬೇಕು ನಿನಗ?"

"ವಿಷ ಆದ್ರ ನೀ ಹ್ಯಾಂಗ ಬದಕಿದಿ? ರೇವ್ಯಾ ಹ್ಯಾಂಗ ಬದಕ್ಯಾನ? ನನ್ನ ಕೈಲಿ ಉಂಡವರು ಯಾರ್ ಸತ್ತಾರ, ಹೇಳು."

ಒಂದು ವರ್ಷದಿಂದ ಇದೇ ಪ್ರಶ್ನೆ, ಇದೇ ಮೊರದ ಸಪ್ಪಳ, ಇದೇ ಗೆದ್ದ ಮುಖ. ನನಗೆ ಸಾಕುಸಾಕಾಗಿತ್ತು. ಹೇಳಿಬಿಟ್ಟೆ.

"ನಾವ್ ಬದಕಿದ್ದು ಮಜ್ಜಿಗಿಲಿಂದಲ್ಲ. ನಮಗ ಅರ್ಧಾನೇ ಬಂದಿತ್ತು, ಅದಕ್ಕ ಬದಕೀವಿ. ಇದು ರಕ್ತದಾಗ ಬರ್ತದ. ನನ್ನ ಅವ್ವಗ ನಿನ್ನಿಂದ ಬಂತು, ಅವ್ವನಿಂದ ನನಗ ಬಂತು. ನಿನ್ನ ಮಗಗೂ ನಿನ್ನಿಂದೇ ಬಂತು. ಎರಡೂ ಕಡಿಲಿಂದ ಕೂಡಿ ಈ ಪೋರಿಗಿ ಪೂರಾ ಬಂದದ. ಡಾಕ್ಟರಮ್ಮ ಮೊದಲನೇ ದಿನಾನೇ ಹೇಳ್ಯಾಳ."

ಮೊರ ನಿಂತಿತು. ಆಯಿ ನನ್ನ ಮುಖ ನೋಡಿದಳು, ಆಮೇಲೆ ಬಾಗಿಲಲ್ಲಿ ನಿಂತಿದ್ದ ಜಗದೇವಿಯನ್ನು ನೋಡಿದಳು. ಕಾಳು ಎಣಿಸುವವಳ ಹಾಗೆ ನಿಧಾನವಾಗಿ ಕೇಳಿದಳು.

"ನಿಮ್ಮವ್ವಗ ನಾನೇ ಕೊಟ್ಟೆ."

"ಹೌದು."

"ರೇವ್ಯಾಗೂ ನಾನೇ ಕೊಟ್ಟೆ."

"ಹೌದು."

"ನಿಮ್ಮಿಬ್ಬರ ಲಗ್ನ ಮಾಡ್ದಾಕಿನೂ ನಾನೇ. ನಿಮ್ಮವ್ವ ಬ್ಯಾಡ ಅಂದಿದ್ಳು. ನಾ ಕೇಳ್ಲಿಲ್ಲ."

ಆ ಮಾತಿನವರೆಗೆ ಹೋಗುವುದು ನನ್ನ ಮನಸ್ಸಿನಲ್ಲಿ ಇರಲಿಲ್ಲ, ಆಕೆಯೇ ಹೋದಳು.

ರಾತ್ರಿ ವಿಷಯ ತಿಳಿದು ರೇವಪ್ಪ ನನ್ನ ಮೇಲೆ ಹರಿಹಾಯ್ದ. ಅವನು ನನ್ನ ಮೇಲೆ ಕೂಗಿದ್ದು ಅದೇ ಮೊದಲು. ಕೂಗಲಿ. ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಾವು ಅದನ್ನು ಆಯಿಯಿಂದ ಮುಚ್ಚಿಟ್ಟದ್ದಕ್ಕೆ ನನ್ನ ಮಗಳು ಬೆಲೆ ತೆರುತ್ತಿದ್ದಳು. ಕಡಾಯಿ ತಾನಾಗಿ ಮನೆಗೆ ವಾಪಸ್ಸು ಬಂತು, ಆಯಿಯೇ ಅದನ್ನು ಗುಜರಿಯವನಿಗೆ ಹಾಕಿದಳು. ಅಂದಿನಿಂದ ಆಕೆ ಅಡುಗೆಮನೆಗೆ ಬರುವುದನ್ನೇ ಬಿಟ್ಟಳು. ಜಗದೇವಿ ತೊಡೆಯ ಮೇಲೆ ಬಂದು ಕೂತರೆ ತಲೆ ಸವರುವಳು, ಹಸಿವೆಯೇ ಎಂದು ಕೇಳುತ್ತಿರಲಿಲ್ಲ. ನಾನು ಬೇಡಿದ್ದು ಇದನ್ನೇ. ಸಿಕ್ಕಿದ ಮೇಲೆ ಮನೆ ಬಿಕೋ ಎನ್ನತೊಡಗಿತು, ಅದಕ್ಕೂ ನನಗೇ ಸಿಟ್ಟು ಬಂತು.

ಸಂಕ್ರಾಂತಿಯ ಹೊತ್ತಿಗೆ ಜಗದೇವಿಗೆ ಜ್ವರ ಬಂತು. ಮೂರು ದಿನದಲ್ಲಿ ಮುಖ ಹಳೆಯ ಕಾಗದದ ಬಣ್ಣಕ್ಕೆ ತಿರುಗಿತು, ಮಲಗಿದಲ್ಲೇ ಏದುಸಿರು. ರೇವಪ್ಪ ಜೀಪು ಗೊತ್ತು ಮಾಡಿಕೊಂಡು ಬಂದ. ನಾನು ಅವಳನ್ನು ಎತ್ತಿಕೊಂಡು ಹೊರಗೆ ಬಂದಾಗ ಆಯಿ ಆಗಲೇ ಒಂದು ಗಂಟು ಹಿಡಿದು ಜೀಪಿನಲ್ಲಿ ಕೂತಿದ್ದಳು. ಇಳಿ ಎನ್ನುವ ಧೈರ್ಯ ಯಾರಿಗೂ ಆಗಲಿಲ್ಲ.

ಡಾಕ್ಟರಮ್ಮ ನೋಡಿದ ಕೂಡಲೆ ರಕ್ತ ಕೊಡಬೇಕೆಂದಳು. ಆಯಿಗೆ ತೆಲುಗು ಅರ್ಥವಾಯಿತು. ಸೆರಗು ಸರಿಸಿ, ತೋಳು ಚಾಚಿ ಆಕೆಯ ಎದುರು ನಿಂತಳು. "ನಂದ್ ತಗೋರಿ. ಎಲ್ಲಾ ತಗೋರಿ" ಎಂದಳು ಕನ್ನಡದಲ್ಲೇ. ಡಾಕ್ಟರಮ್ಮ ಆ ಒಣಗಿದ ತೋಳನ್ನು ಮೆಲ್ಲಗೆ ಕೆಳಗಿಳಿಸಿ, ಇಷ್ಟು ವಯಸ್ಸಾದವರದ್ದು ಬೇಡ, ಅದೂ ಅಲ್ಲದೆ ಅದೇ ದೋಷ ಇದ್ದವರದ್ದು ಆಗುವುದಿಲ್ಲ ಎಂದಳು. ನನ್ನದೂ ಬೇಡ, ರೇವಪ್ಪನದೂ ಬೇಡ. ಯಾರೋ ಗುರುತಿಲ್ಲದವರ ರಕ್ತದ ಬಾಟಲಿ ಬಂತು.

ಬಾಟಲಿಯಿಂದ ಹನಿ ಇಳಿಯತೊಡಗಿತು. ರೇವಪ್ಪ ಔಷಧ ತರಲು ಹೋದ. ಮಂಚದ ಆಚೆ ಆಯಿ, ಈಚೆ ನಾನು. ಬಹಳ ಹೊತ್ತಿನ ಮೇಲೆ ಜಗದೇವಿಯ ತುಟಿಗೆ ಬಣ್ಣ ಬಂತು. ನಾನು ಹೆತ್ತ ಮೇಲೆ ಆ ತುಟಿಗಳು ಕೆಂಪಾಗಿದ್ದನ್ನು ಒಂದು ಸಲವೂ ಕಂಡಿರಲಿಲ್ಲ. ನನಗೆ ಅಳು ಬಂತು.

ಆಯಿ ಬಾಟಲಿಯನ್ನೇ ನೋಡುತ್ತಿದ್ದಳು. "ಉಮಾ, ಆ ರಕ್ತದಾಗ ಕಬ್ಬಣ ಇರಲ್ಲೇನು?" ಎಂದು ಕೇಳಿದಳು.

ಸುಳ್ಳು ಹೇಳಬಹುದಿತ್ತು. "ಅದ" ಎಂದೆ. "ರಕ್ತದಾಗ ಇರೋದೇ ಅದು. ನೀವೆಲ್ಲಾ ತಿಂಗಳುಗಟ್ಟಲೆ ಉಣಸಿದಷ್ಟು ಅದರಾಗ ಅದ."

"ಅದೂ ಒಳಗೇ ಕೂಡ್ತದ?"

"ಒಳಗೇ ಕೂಡ್ತದ."

"ಹಂಗಾದ್ರ ನೀನೂ ನನ್ನಂಗೇ ಮಾಡಕತ್ತಿ" ಎಂದಳು ಆಯಿ. ಚುಚ್ಚಲು ಹೇಳಿದ್ದಲ್ಲ. ಸುಮ್ಮನೆ ಅರ್ಥಮಾಡಿಕೊಳ್ಳುವವಳ ಹಾಗೆ ಹೇಳಿದಳು.

ಒಂದು ವರ್ಷದಿಂದ ನಾನು ಊರಿಗೆಲ್ಲ ಉತ್ತರ ಕೊಟ್ಟವಳು. ರಕ್ತ ಕೊಡದಿದ್ದರೆ ಜೀವ ಹೋಗುವುದು ಈ ವಾರ, ಕೊಟ್ಟರೆ ಮುಂದೆಂದೋ. ಇನ್ನು ಯಾರ ಮೇಲೆ ರೇಗಲಿ? ಡಾಕ್ಟರಮ್ಮನ ಮೇಲೆಯೋ, ರಕ್ತ ಕೊಟ್ಟ ಆ ಪುಣ್ಯಾತ್ಮನ ಮೇಲೆಯೋ? "ಹೌದು ಆಯಿ" ಎಂದೆ.

ಆಗ ಜಗದೇವಿ ಕಣ್ಣು ಬಿಟ್ಟಳು. "ಅವ್ವಾ, ಹಸಿವಾಗ್ಯಾದ" ಎಂದಳು. ಬೆನ್ನು ಹತ್ತಿ ಉಣಿಸಬೇಕಾದ ಹುಡುಗಿ, ತಾನಾಗಿ ಕೇಳುತ್ತಿದ್ದಾಳೆ.

ಆಯಿಯ ಕೈ ಗಂಟಿಗೆ ಹೋಯಿತು. ಗಂಟು ಬಿಚ್ಚಿದಳು. ಒಳಗೆ ಮೊಸರನ್ನ ಇತ್ತು, ರೊಟ್ಟಿ ಇತ್ತು, ಇನ್ನೂ ಏನೇನೋ ಇದ್ದವು. ಡಬ್ಬಿಯ ಮೇಲಿಟ್ಟ ಕೈ ಅಲ್ಲೇ ನಿಂತಿತು. ಆಕೆ ನನ್ನ ಕಡೆ ನೋಡಿದಳು.

"ಏನ್ ಕೊಡ್ಲಿ, ನೀನೇ ಹೇಳು."

ಈ ಒಂದು ಮಾತನ್ನು ಆಕೆಯ ಬಾಯಿಂದ ಕೇಳಬೇಕೆಂದು ನಾನು ಎಷ್ಟು ಒದ್ದಾಡಿದ್ದೆ. ಕೇಳಿದಾಗ ಅದು ನನಗೆ ಬೇಡವಾಗಿತ್ತು.

"ಮೊಸರನ್ನ ಕೊಡು. ನಿನ್ನ ಕೈಲೇ ಉಣಸು" ಎಂದೆ. ಚಹಾ ತರಲು ಎದ್ದವಳು ಬಾಗಿಲಲ್ಲಿ ತಿರುಗಿ ನೋಡಿದೆ. ಆಯಿ ಒಂದು ತುತ್ತು ಕಲಸಿ ಜಗದೇವಿಯ ಬಾಯಿಯ ಹತ್ತಿರ ತಂದು ನಿಲ್ಲಿಸಿ, ನನ್ನ ಮುಖ ನೋಡುತ್ತಿದ್ದಳು. ಇದೇ ಕೈ ನನಗೆ, ನನ್ನ ತಾಯಿಗೆ, ನನ್ನ ಗಂಡನಿಗೆ ಉಣಿಸಿದ್ದು, ಯಾವತ್ತೂ ಯಾರ ಮುಖವನ್ನೂ ನೋಡಿರಲಿಲ್ಲ. ನಾನು ತಲೆಯಾಡಿಸಿದೆ. ತುತ್ತು ಒಳಗೆ ಹೋಯಿತು. ಎರಡನೆಯ ತುತ್ತು ಕಲಸಿದಳು, ಮತ್ತೆ ನನ್ನನ್ನು ನೋಡಿದಳು.

"ಲಗೂ ಹಾಕು ಆಯಿ" ಎಂದಳು ಜಗದೇವಿ, ಬಾಯಿ ತೆರೆದುಕೊಂಡು.